ಪಿಂಗಾಣಿಯೊಳಗಿನ ಬದುಗಳು

ತಾಮ್ರದ ತಂಬಿಗೆ ಕೈಜಾರಿ ಬಿದ್ದರೆ ನೆಗ್ಗುತ್ತದೆ. ಸ್ಟೀಲಿನ ಡಬರಿ ಬಿದ್ದರೆ ಮನೆಮಂದಿಯನ್ನೆಲ್ಲ ಎಬ್ಬಿಸುವಂತೆ ಸದ್ದು ಮಾಡಿ ಸುಮ್ಮನಾಗುತ್ತದೆ. ಪಿಂಗಾಣಿಯ ಭರಣಿ ಬಿದ್ದರೆ ಮಾತ್ರ ಅದರ ಕಥೆ ಅಲ್ಲಿಗೆ ಮುಗಿಯಿತು. ಊರಿನಿಂದ ಬಂದ ಮಿಡಿ ಉಪ್ಪಿನಕಾಯಿಯ ಕಥೆಯೂ ಮುಗಿಯಿತು. ಆದ್ದರಿಂದ ಪಿಂಗಾಣಿ ಒಡೆಯುವ ವಸ್ತುವೇ ಹೊರತು ಬಾಗುವ ವಸ್ತುವಲ್ಲ ಎಂಬುದು ನಮ್ಮೆಲ್ಲರ ಮನೆಗಳಲ್ಲಿ ಅನುಭವದಿಂದ ಸಿದ್ಧವಾದ ಮಾತು. ಅಡುಗೆಮನೆಯ ಮಟ್ಟಿಗೆ ಇದು ಸತ್ಯವೇ. ಆದರೆ ಅಡುಗೆ ಒಲೆಯ ಬಿಸಿಗಿಂತ ಬಹಳ ಮೇಲಿನ ಬಿಸಿಯಲ್ಲಿ ಈ ಸತ್ಯ ನಿಲ್ಲುವುದಿಲ್ಲ. ಏಕೆ ನಿಲ್ಲುವುದಿಲ್ಲ ಎಂಬುದನ್ನು ಈ ಸಲ ಓದುಗ ಬಾಂಧವರ ಮುಂದೆ ಇಡಬೇಕೆಂದಿದ್ದೇವೆ.

1986ರಲ್ಲಿ ಜಪಾನಿನ ನಗೋಯಾ ನಗರದ ಸರಕಾರಿ ಕೈಗಾರಿಕಾ ಸಂಶೋಧನಾಲಯದಲ್ಲಿ ಫುಮಿಹಿರೊ ವಕಾಯ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ಒಂದು ಪ್ರಯೋಗ ಮಾಡಿದರು. ಜಿರ್ಕೋನಿಯ ಎಂಬ, ಪಿಂಗಾಣಿಯ ಬಳಗಕ್ಕೇ ಸೇರಿದ ಬಿಳಿಯ ವಸ್ತುವಿನ ಸಣ್ಣ ತುಂಡೊಂದನ್ನು 1,450 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿಟ್ಟು ಎರಡೂ ಕಡೆಯಿಂದ ನಿಧಾನವಾಗಿ ಎಳೆದರು. ಅದು ಒಡೆಯಲಿಲ್ಲ. ತನ್ನ ಮೊದಲಿನ ಉದ್ದದ ಮೇಲೆ ಶೇಕಡಾ 120ಕ್ಕೂ ಹೆಚ್ಚು ಬೆಳೆಯಿತು. ಎಂದರೆ ಒಂದು ಅಂಗುಲದ್ದು ಎರಡು ಅಂಗುಲವನ್ನು ದಾಟಿತು. ಜಿರ್ಕೋನಿಯ ಕರಗಬೇಕಾದರೆ ಸುಮಾರು 2,700 ಡಿಗ್ರಿ ಬೇಕು. ಆದಕಾರಣ ಅದು ಕರಗಿ ಹರಿಯಿತೆನ್ನುವಂತಿಲ್ಲ. ಗಟ್ಟಿಯಾಗಿದ್ದುಕೊಂಡೇ ಕಣಕದಂತೆ ಹಿಗ್ಗಿತು. ಸರಕಾರದ ಕಚೇರಿಗಳಲ್ಲಿ ಕೆಲಸವೇ ನಡೆಯುವುದಿಲ್ಲವೆಂದು ಹೇಳುವ ಮಿತ್ರರಿಗೆ, ಇದು ನಡೆದದ್ದು ಸರಕಾರಿ ಸಂಶೋಧನಾಲಯದಲ್ಲಿ ಎಂಬುದನ್ನು ಸರಕಾರಿ ಗುಮಾಸ್ತರಾದ ನಾವು ಕೊಂಚ ಹೆಮ್ಮೆಯಿಂದಲೇ ಅರಿಕೆ ಮಾಡಿಕೊಳ್ಳುತ್ತೇವೆ.

ಬಿ.ಎ. ಓದಿದವರಿಗೆ ಈ ವಿಷಯ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಬಹುದು. ನೆರೆಮನೆಯಿಂದ ಬಂತು. ನಮ್ಮ ಸಂಘದ ಸದಸ್ಯರಾದ ರಾಯರೊಬ್ಬರು ಧಾರವಾಡದ ಕಡೆಯವರು. ಮುಂಬಯಿಗೆ ಬಂದು ಮೂವತ್ತು ವರ್ಷ ದಾಟಿದರೂ ಮಾತು ಇನ್ನೂ ಧಾರವಾಡದ್ದೇ. ಅವರ ಮಗಳು ಬಿ.ಇ. ಮುಗಿಸಿ, ಸೆರಾಮಿಕ್ ಶಾಸ್ತ್ರದಲ್ಲಿ ಎಂ.ಟೆಕ್. ಮಾಡುತ್ತೇನೆಂದು ಹಟ ಹಿಡಿದಿದ್ದಾಳೆ. ರಾಯರು ನಮ್ಮನ್ನು ಕರೆದು, “ಏನ್ರೀ, ಕೈಯಾಗ ಕಂಪ್ಯೂಟರ್ ಕಂಪನಿ ನೌಕರಿ ಅದ. ಅದನ್ನ ಬಿಟ್ಟು ಗಡಿಗಿ ಸುಡೂದು ಕಲೀಲಿಕ್ಕ ಹೊಂಟಾಳ. ನಾಳೆ ಬೀಗರ ಮುಂದ ಏನಂತ ಹೇಳೂದ್ರಿ?” ಎಂದರು. ಹುಡುಗಿ, “ಕಾಕಾ, ನೀವಾದ್ರೂ ಅಪ್ಪಾಗ ತಿಳಿಸಿ ಹೇಳ್ರಿ” ಎಂದಳು. ತಿಳಿಸಿ ಹೇಳಬೇಕಾದರೆ ಮೊದಲು ತಿಳಿದುಕೊಳ್ಳಬೇಕಷ್ಟೆ? ಅವಳ ಪುಸ್ತಕಗಳನ್ನು ಎರವಲು ತಂದು, ಅರ್ಥವಾಗದ ಕಡೆ ಅವಳನ್ನೇ ಪೀಡಿಸಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ರಾಯರು ಇನ್ನೂ ತೀರ್ಮಾನ ಹೇಳಿಲ್ಲ. ಈ ಪತ್ರಿಕೆ ಅವರ ಮನೆಗೂ ಹೋಗುತ್ತದೆ.

ಪಿಂಗಾಣಿ ಹೊರಗಿನಿಂದ ಅಖಂಡವಾಗಿ ಕಾಣುತ್ತದೆ. ಅದನ್ನೇ ಚೆನ್ನಾಗಿ ಉಜ್ಜಿ ಹೊಳಪು ಕೊಟ್ಟು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಒಳಗೆ ಅಸಂಖ್ಯಾತ ಹರಳುಗಳು ಒಂದಕ್ಕೊಂದು ಒತ್ತಿಕೊಂಡು ಕುಳಿತಿರುವುದು ಕಾಣುತ್ತದೆ. ಗುಡ್ಡದ ಮೇಲೆ ನಿಂತು ಕೆಳಗಿನ ಗದ್ದೆಬಯಲನ್ನು ನೋಡಿದವರಿಗೆ ಈ ನೋಟ ಹೊಸದಲ್ಲ. ಒಂದೊಂದು ಗದ್ದೆಯೂ ಒಂದೊಂದು ಹರಳು. ಗದ್ದೆಯೊಳಗೆ ಸಾಲು ಹಿಡಿದು ನೆಟ್ಟ ಪೈರಿನಂತೆ ಹರಳಿನೊಳಗೆ ಪರಮಾಣುಗಳು ಸಾಲುಸಾಲಾಗಿ ನಿಂತಿರುತ್ತವೆ. ಪಕ್ಕದ ಗದ್ದೆಯಲ್ಲಿಯೂ ಅದೇ ಪೈರು. ಆದರೆ ಸಾಲಿನ ದಿಕ್ಕು ಬೇರೆ. ಎರಡು ಗದ್ದೆಗಳ ನಡುವೆ ಬದು ಇರುವಂತೆ ಎರಡು ಹರಳುಗಳ ನಡುವೆಯೂ ಒಂದು ತೆಳುವಾದ ಎಲ್ಲೆ ಇರುತ್ತದೆ. ಅಲ್ಲಿ ಪರಮಾಣುಗಳ ಸಾಲು ಆ ಕಡೆಗೂ ಸೇರದೆ ಈ ಕಡೆಗೂ ಸೇರದೆ ಕೊಂಚ ಸಡಿಲವಾಗಿರುತ್ತದೆ. ಶಾಸ್ತ್ರಜ್ಞರು ಹರಳನ್ನು ಗ್ರೇನ್ ಎಂದೂ ಎಲ್ಲೆಯನ್ನು ಗ್ರೇನ್ ಬೌಂಡರಿ ಎಂದೂ ಕರೆಯುತ್ತಾರೆ. ನಾವು ಹರಳು, ಬದು ಎಂದೇ ಕರೆಯೋಣ.

ಈ ಹರಳುಗಳ ಗಾತ್ರವೆಷ್ಟು? ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲಿಗೆ ಮೈಕ್ರಾನ್ ಎಂದು ಹೆಸರು. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ನಗೋಯಾದಲ್ಲಿ ಎಳೆದ ಜಿರ್ಕೋನಿಯದ ಹರಳುಗಳು ಅರ್ಧ ಮೈಕ್ರಾನಿಗಿಂತಲೂ ಚಿಕ್ಕವು. ಕೂದಲಿನ ಅಡ್ಡಗಲದಲ್ಲಿ ಅಂಥವನ್ನು ನೂರನಲವತ್ತಕ್ಕೂ ಹೆಚ್ಚು ಸಾಲಾಗಿ ನಿಲ್ಲಿಸಬಹುದು. ಅದು ಹಿಗ್ಗಿದ ಗುಟ್ಟು ಈ ಚಿಕ್ಕತನದಲ್ಲಿಯೇ ಇದೆ.

ಗುಟ್ಟನ್ನು ಬಿಡಿಸುವ ಮೊದಲು ಇನ್ನೊಂದು ಮಾತು. ನಮ್ಮ ಕಚೇರಿಯಲ್ಲಿ ಹಳೆಯ ಫೈಲುಗಳನ್ನು ಹೇರಿದ ಮರದ ಹಲಗೆಯೊಂದಿದೆ. ಫೈಲು ಇಟ್ಟ ದಿನ ಅದು ನೆಟ್ಟಗಿತ್ತು. ಭಾರ ಹೆಚ್ಚಿಲ್ಲ, ಕಡಿಮೆಯಾಗಿಲ್ಲ. ಆದರೂ ವರ್ಷಗಳು ಕಳೆದಂತೆ ನಡುವೆ ಜೋತುಬಿದ್ದಿದೆ. ಹೀಗೆ ಒಂದೇ ಭಾರದ ಕೆಳಗೆ, ಹೊತ್ತು ಕಳೆದಂತೆ, ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಆಕಾರ ಕೆಡುವುದಕ್ಕೆ ಇಂಗ್ಲಿಷಿನಲ್ಲಿ ಕ್ರೀಪ್ ಎನ್ನುತ್ತಾರೆ, ತೆವಳಿಕೆ ಎನ್ನಬಹುದು. ಮರಕ್ಕೆ ಮನೆಯೊಳಗಿನ ಬಿಸಿಯಲ್ಲಿಯೇ ತೆವಳಿಕೆಯುಂಟು. ಪಿಂಗಾಣಿಯ ಬಳಗದವರಿಗೆ ಸಾವಿರ ಡಿಗ್ರಿಯ ಮೇಲಿನ ಮಾತು. ಇವತ್ತು ಪರೀಕ್ಷೆ ಮಾಡಿದರೆ ಗಟ್ಟಿಯಾಗಿಯೇ ಇರುತ್ತದೆ. ಸಾವಿರ ಗಂಟೆ ಕುಲುಮೆಯಲ್ಲಿ ನಿಂತ ಮೇಲೆ ಸೊಟ್ಟಗಾಗಿರುತ್ತದೆ. ಒಂದು ದಿನದ ಪರೀಕ್ಷೆಯಲ್ಲಿ ಪಾಸಾದದ್ದನ್ನು ನಂಬಿ ಕುಲುಮೆ ಕಟ್ಟುವಂತಿಲ್ಲ.

ಇನ್ನು ಗುಟ್ಟಿಗೆ ಬರೋಣ. ಕಾವು ಏರಿದಾಗ ಪರಮಾಣುಗಳು ನಿಂತಲ್ಲಿ ನಿಲ್ಲದೆ ಒಂದು ಜಾಗದಿಂದ ಇನ್ನೊಂದಕ್ಕೆ ಹಾರತೊಡಗುತ್ತವೆ. ಮೇಲಿನಿಂದ ಭಾರ ಬಿದ್ದಾಗ, ಒತ್ತಡ ಹೆಚ್ಚಾದ ಮಗ್ಗುಲಿನಿಂದ ಅವು ನಿಧಾನವಾಗಿ ಹೊರಟು ಒತ್ತಡ ಕಡಿಮೆಯಿರುವ ಮಗ್ಗುಲಿಗೆ ಸೇರುತ್ತವೆ. ಹೀಗೆ ಹರಳು ಒಂದು ಕಡೆ ಕುಗ್ಗಿ ಇನ್ನೊಂದು ಕಡೆ ಬೆಳೆಯುತ್ತದೆ. ಎಲ್ಲ ಹರಳುಗಳೂ ಹೀಗೆ ಮಾಡಿದಾಗ ಇಡೀ ವಸ್ತು ಬಾಗುತ್ತದೆ. ಪರಮಾಣುಗಳು ಹರಳಿನ ಒಳಗಿನಿಂದಲೇ ಹಾಯ್ದುಹೋಗುವ ಲೆಕ್ಕವನ್ನು 1948ರಲ್ಲಿ ನಬಾರೊ ಎಂಬವರೂ 1950ರಲ್ಲಿ ಹೆರಿಂಗ್ ಎಂಬವರೂ ಹಾಕಿಕೊಟ್ಟರು. 1963ರಲ್ಲಿ ಅಮೆರಿಕದ ರಾಬರ್ಟ್ ಕೋಬಲ್ ಇನ್ನೊಂದು ದಾರಿ ತೋರಿಸಿದರು. ನಿಂತ ಪೈರಿನ ನಡುವೆ ನುಗ್ಗಿ ನಡೆಯುವುದಕ್ಕಿಂತ ಬದುವಿನ ಮೇಲೆ ನಡೆಯುವುದು ಸುಲಭವಲ್ಲವೆ? ಪರಮಾಣುಗಳಿಗೂ ಹಾಗೆಯೇ. ಬದು ಸಡಿಲವಾದ ಜಾಗವಾದ್ದರಿಂದ ಅಲ್ಲಿ ಓಡಾಟ ಬೇಗ ಸಾಗುತ್ತದೆ.

ಈಗ ಹರಳು ಚಿಕ್ಕದಾದರೆ ಏನಾಗುತ್ತದೆ ನೋಡಿ. ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ದೂರ ಕಡಿಮೆಯಾಗುತ್ತದೆ. ಬದುಗಳ ಸಂಖ್ಯೆಯೂ ಹೆಚ್ಚುತ್ತದೆ. ನಬಾರೊ ಮತ್ತು ಹೆರಿಂಗ್ ಅವರ ಲೆಕ್ಕದಂತೆ ಹರಳಿನ ಗಾತ್ರವನ್ನು ಅರ್ಧ ಮಾಡಿದರೆ ಬಾಗುವ ವೇಗ ನಾಲ್ಕು ಪಟ್ಟಾಗುತ್ತದೆ. ಕೋಬಲ್ ಅವರ ಲೆಕ್ಕದಂತೆ ಎಂಟು ಪಟ್ಟು. ಇದನ್ನೇ ತಿರುಗಿಸಿ ನೋಡೋಣ. ಒಂದು ಮೈಕ್ರಾನ್ ಹರಳಿನ ತುಂಡು ಒಂದು ಗಂಟೆಯಲ್ಲಿ ಇಷ್ಟು ಬಾಗಿತೆಂದು ಇಟ್ಟುಕೊಳ್ಳಿ. ಅದೇ ವಸ್ತು, ಅದೇ ಕಾವು, ಅದೇ ಭಾರ. ಹರಳು ಮಾತ್ರ ಹತ್ತು ಮೈಕ್ರಾನಿನದು. ಅಷ್ಟೇ ಬಾಗಲು ಮೊದಲನೆಯ ಲೆಕ್ಕದಲ್ಲಿ 100 ಗಂಟೆ ಬೇಕು. ಎರಡನೆಯದರಲ್ಲಿ 1,000 ಗಂಟೆ, ಎಂದರೆ ನಲವತ್ತೊಂದು ದಿನಕ್ಕೂ ಮೇಲೆ. ರಸಾಯನಶಾಸ್ತ್ರಜ್ಞನ ಮುಂದಿಟ್ಟರೆ ಎರಡು ತುಂಡುಗಳಿಗೂ ಒಂದೇ ಹೆಸರು, ಒಂದೇ ಸೂತ್ರ. ಕುಲುಮೆಯ ಮುಂದಿಟ್ಟರೆ ಎರಡೂ ಬೇರೆ ಬೇರೆ ವಸ್ತುಗಳು.

ಎಲ್ಲೆಯಿಲ್ಲದೆ ಈ ಲೆಕ್ಕ ನಡೆಯುವುದಿಲ್ಲವೆಂಬುದನ್ನೂ ಹೇಳಬೇಕು. ಹರಳುಗಳು ತೀರ ದೊಡ್ಡವಾಗಿ ಭಾರವೂ ಹೆಚ್ಚಾದರೆ ಹರಳಿನೊಳಗಿನ ಸಾಲುಗಳೇ ಒಂದರ ಮೇಲೊಂದು ಜಾರತೊಡಗುತ್ತವೆ. ಆಗ ಗಾತ್ರಕ್ಕೆ ಅಷ್ಟು ಬೆಲೆ ಉಳಿಯುವುದಿಲ್ಲ.

ಹಾಗಾದರೆ ನಗೋಯಾದ ತುಂಡು ಒಂದಕ್ಕೆ ಎರಡಾಗಿ ಹಿಗ್ಗಿದಾಗ ಅದರ ಹರಳುಗಳೂ ಒಂದಕ್ಕೆ ಎರಡಾಗಿ ಉದ್ದವಾದುವೆ? ಇಲ್ಲವೆಂಬುದೇ ಸೋಜಿಗ. ಹರಳುಗಳು ಹೆಚ್ಚುಕಡಿಮೆ ಮೊದಲಿನಂತೆಯೇ ದುಂಡಗಿದ್ದುವು. ಅವು ಬದುಗಳ ಮೇಲೆ ಜಾರಿ ನೆರೆಯನ್ನು ಬದಲಾಯಿಸಿಕೊಂಡಿದ್ದುವು. 1973ರಲ್ಲಿ ಆಶ್ಬಿ ಮತ್ತು ವೆರಾಲ್ ಎಂಬವರು ಇದಕ್ಕೆ ಒಂದು ಚಿತ್ರ ಕೊಟ್ಟರು. ನಾಲ್ಕು ಹರಳುಗಳು ಒತ್ತಾಗಿ ಕುಳಿತಿವೆ. ಎರಡು ಒಂದಕ್ಕೊಂದು ತಾಗಿವೆ, ಉಳಿದೆರಡು ದೂರ ಇವೆ. ಎಳೆದಾಗ ತಾಗಿದ್ದ ಎರಡು ಬೇರೆಯಾಗುತ್ತವೆ, ದೂರವಿದ್ದ ಎರಡು ನಡುವೆ ಬಂದು ಕೈಹಿಡಿಯುತ್ತವೆ. ಗುಂಪು ಉದ್ದವಾಯಿತು, ಒಂದೊಂದು ಹರಳೂ ತಾನು ತಾನಾಗಿಯೇ ಉಳಿಯಿತು. ವರ್ಗದ ಮೇಲೆ ವರ್ಗವಾಗಿ ಊರೂರು ತಿರುಗಿ, ಹೋದಲ್ಲೆಲ್ಲ ಹೊಸ ನೆರೆಯನ್ನು ಮಾಡಿಕೊಂಡು, ಮನೆಯೊಳಗೆ ಮಾತ್ರ ಸಾರಿನ ರುಚಿಯನ್ನು ಬಿಡದ ನಮ್ಮ ಸಂಸಾರಗಳಿಗೆ ಈ ಚಿತ್ರ ಅರ್ಥವಾಗಲು ಸೂಕ್ಷ್ಮದರ್ಶಕ ಬೇಕಿಲ್ಲ.

ಆದರೆ ಜಾರುವುದಕ್ಕೂ ಒಂದು ಷರತ್ತಿದೆ. ಮೂರು ಹರಳುಗಳು ಕೂಡುವ ಮೂಲೆಯಲ್ಲಿ ಹರಳು ಜಾರಿದಾಗ ಸಂದು ಬೀಳುತ್ತದೆ. ಪರಮಾಣುಗಳು ಹರಿದುಬಂದು ಆ ಸಂದನ್ನು ಕೂಡಲೇ ತುಂಬಬೇಕು. ಎಳೆತ ಅವಸರದ್ದಾದರೆ, ಇಲ್ಲವೆ ಹರಳು ದೊಡ್ಡದಾಗಿ ದೂರ ಹೆಚ್ಚಾದರೆ, ತುಂಬುವ ಕೆಲಸ ಹಿಂದೆ ಬೀಳುತ್ತದೆ. ಸಂದುಗಳು ಪೊಳ್ಳುಗಳಾಗುತ್ತವೆ, ಪೊಳ್ಳುಗಳು ಕೂಡಿ ಬಿರುಕಾಗುತ್ತವೆ, ತುಂಡು ಮುರಿಯುತ್ತದೆ. ಕಾದ ಪಿಂಗಾಣಿಯನ್ನು ಮುರಿಯುವುದು ಬಹುಮಟ್ಟಿಗೆ ಈ ಮೂಲೆಗಳ ಪೊಳ್ಳೇ.

ಇಲ್ಲಿ ಒಂದು ಪೇಚಿದೆ. ಕಾರ್ಖಾನೆಯವನಿಗೆ ಚಿಕ್ಕ ಹರಳು ಬೇಕು. ಕಾದಾಗ ಅದು ಅಚ್ಚಿನಲ್ಲಿ ಕೂರುತ್ತದೆ, ಬೇಕಾದಂತೆ ಬಾಗುತ್ತದೆ, ಉಜ್ಜಿ ಕೊರೆಯುವ ದುಬಾರಿ ಕೆಲಸ ಉಳಿಯುತ್ತದೆ. ಕುಲುಮೆಯವನಿಗೆ ದೊಡ್ಡ ಹರಳು ಬೇಕು. ಅವನ ಇಟ್ಟಿಗೆ, ಅವನ ಕೊಳವೆ ವರ್ಷಗಟ್ಟಲೆ ಕಾವಿನಲ್ಲಿ ಭಾರ ಹೊತ್ತು ನೆಟ್ಟಗೆ ನಿಲ್ಲಬೇಕು. ತಣ್ಣಗಿನ ಜಾಗದಲ್ಲಿ ಬಳಸುವವನಿಗೆ ಮತ್ತೆ ಚಿಕ್ಕ ಹರಳೇ ಬೇಕು. ಏಕೆಂದರೆ ತಣ್ಣಗಿದ್ದಾಗ ಹರಳು ಚಿಕ್ಕದಾದಷ್ಟೂ ಪಿಂಗಾಣಿ ಗಟ್ಟಿ. ಇಂದು ದಂತವೈದ್ಯರು ಕೂರಿಸುವ ಜಿರ್ಕೋನಿಯದ ಹಲ್ಲು ನಗೋಯಾದಲ್ಲಿ ಎಳೆದ ವಸ್ತುವಿನ ಒಡಹುಟ್ಟಿದ್ದೇ. ಅದರ ಹರಳುಗಳೂ ಬಹಳ ಚಿಕ್ಕವು. ಕುಲುಮೆಯಲ್ಲಿ ಹಿಗ್ಗುವ ಈ ವಸ್ತು ಬಾಯೊಳಗೆ ಬಾಗುವುದೆಂದು ಯಾರೂ ಹೆದರಬೇಕಾಗಿಲ್ಲ. ಎಷ್ಟೇ ಬಿಸಿ ಕಾಫಿ ಕುಡಿದರೂ ಸಾವಿರ ಡಿಗ್ರಿಗೆ ಬಹಳ ದೂರವಿದೆ.

ದೊಡ್ಡ ಹರಳಿನ ಕಡೆಯ ಉದಾಹರಣೆ ಮುಂಬಯಿಯವರಿಗೆ ಚೆನ್ನಾಗಿ ಗೊತ್ತು. ಮರೀನ್ ಡ್ರೈವಿನ ಹಳದಿ ದೀಪಗಳ ಸಾಲನ್ನು 2015ರಲ್ಲಿ ಬಿಳಿಯ ಎಲ್‌ಇಡಿಗೆ ಬದಲಾಯಿಸಿದಾಗ ಎದ್ದ ಗದ್ದಲ ನೆನಪಿರಬಹುದು. ಆ ಹಳದಿ ಸೋಡಿಯಂ ದೀಪದ ಹೃದಯದಲ್ಲಿ ಬೆರಳಿಗಿಂತ ಸಣ್ಣದಾದ ಒಂದು ಕೊಳವೆ ಇರುತ್ತದೆ. ಅದು ಗಾಜಿನದಲ್ಲ, ಅಲ್ಯೂಮಿನ ಎಂಬ ಪಿಂಗಾಣಿಯದು. ಸ್ಕೂಟರಿನ ಸ್ಪಾರ್ಕ್ ಪ್ಲಗ್ಗಿನ ಬಿಳಿಯ ಭಾಗವೂ ಅದೇ ವಸ್ತು. ಕೊಳವೆಯೊಳಗಿನ ಕಾದ ಸೋಡಿಯಂ ಗಾಜನ್ನು ತಿಂದುಹಾಕುತ್ತದೆ. ಕೊಳವೆ ಸುಮಾರು 1,200 ಡಿಗ್ರಿಯಲ್ಲಿ ಸಾವಿರಾರು ಗಂಟೆ ಉರಿಯಬೇಕು, ಬೆಳಕನ್ನೂ ಹೊರಗೆ ಬಿಡಬೇಕು. ಅಲ್ಯೂಮಿನವನ್ನು ಸುಡುವಾಗ ಚಿಟಿಕೆಯಷ್ಟು ಮೆಗ್ನೀಷಿಯಂ ಆಕ್ಸೈಡ್ ಬೆರೆಸಿದರೆ ಹರಳುಗಳು ಅಡ್ಡಾದಿಡ್ಡಿ ಬೆಳೆಯದೆ, ಒಳಗಿನ ಗಾಳಿಗುಳ್ಳೆಗಳೆಲ್ಲ ಹೊರಟುಹೋಗಿ, ಬೆಳಕು ಹಾಯುತ್ತದೆಂದು 1950ರ ದಶಕದ ಕೊನೆಗೆ ತೋರಿಸಿಕೊಟ್ಟವರು ಮೇಲೆ ಹೇಳಿದ ಕೋಬಲ್ ಅವರೇ. ಆ ಕೊಳವೆಯ ಹರಳುಗಳು ಹತ್ತಾರು ಮೈಕ್ರಾನಿನವು. ಬದುಗಳು ವಿರಳವಾದ್ದರಿಂದ ತೆವಳಿಕೆಯೂ ಕಡಿಮೆ.

ಬದುಗಳೇ ಇಲ್ಲದ ಅಲ್ಯೂಮಿನವೂ ಉಂಟು. ಉಂಗುರದ ನೀಲವೂ ಮಾಣಿಕ್ಯವೂ ಒಂದೊಂದೇ ಹರಳಾದ ಅಲ್ಯೂಮಿನವೇ. ಬಣ್ಣ ಕೊಟ್ಟದ್ದು ಅಲ್ಪಸ್ವಲ್ಪ ಬೆರಕೆ. ಕಾವಿನಲ್ಲಿ ಇಂಥ ಒಂಟಿ ಹರಳು ಬಹಳ ಗಟ್ಟಿಗ. ಆದರೆ ಕುಲುಮೆಯ ಗೋಡೆಯನ್ನು ನೀಲದಿಂದ ಕಟ್ಟಿಸುವ ಶ್ರೀಮಂತ ಇನ್ನೂ ಹುಟ್ಟಿಲ್ಲವಷ್ಟೆ. ಆದ್ದರಿಂದ ಬದುಗಳನ್ನು ಇಟ್ಟುಕೊಂಡೇ ಬಾಳುವೆ ಮಾಡುವ ಉಪಾಯ ಹುಡುಕಬೇಕಾಯಿತು.

ಒಂದು ಉಪಾಯ, ಬದುವಿನ ಮೇಲೆ ಕಾವಲು ಕೂರಿಸುವುದು. ಅಲ್ಯೂಮಿನಕ್ಕೆ ಸಾವಿರಕ್ಕೆ ಒಂದು ಪಾಲಿನಷ್ಟು ಇಟ್ರಿಯ ಬೆರೆಸಿದರೆ, ಇಟ್ರಿಯಂ ಪರಮಾಣುಗಳು ದಪ್ಪಗಿರುವುದರಿಂದ ಹರಳಿನೊಳಗೆ ಹಿಡಿಸದೆ ಬದುಗಳಿಗೆ ಬಂದು ಕೂರುತ್ತವೆ. ಅಲ್ಲಿ ಉಳಿದವರ ಓಡಾಟಕ್ಕೆ ಅಡ್ಡಿಯಾಗುತ್ತದೆ. ಹರಳಿನ ಗಾತ್ರ ಮೊದಲಿನದೇ ಇದ್ದರೂ ತೆವಳಿಕೆ ಸುಮಾರು ನೂರನೆಯ ಒಂದು ಪಾಲಿಗೆ ಇಳಿಯುತ್ತದೆಂದು 1990ರ ದಶಕದ ಪ್ರಯೋಗಗಳು ತೋರಿಸಿವೆ. ಎರಡನೆಯ ಉಪಾಯ ಇದಕ್ಕೆ ಎದುರಿನದು, ಹಿಗ್ಗಬೇಕೆನ್ನುವವರಿಗಾಗಿ. ಕಾವಿನಲ್ಲಿ ಹರಳುಗಳಿಗೆ ಒಂದು ಕೆಟ್ಟ ಚಾಳಿಯಿದೆ: ದೊಡ್ಡದು ಚಿಕ್ಕದನ್ನು ನುಂಗಿ ಬೆಳೆಯುತ್ತದೆ. ಎಳೆಯುತ್ತಿರುವಾಗಲೇ ಹರಳು ಬೆಳೆದುಬಿಟ್ಟರೆ ಹಿಗ್ಗುವುದು ನಿಲ್ಲುತ್ತದೆ. ಜಪಾನಿನ ತ್ಸುಕುಬಾದ ವಿಜ್ಞಾನಿಗಳು ಜಿರ್ಕೋನಿಯ, ಅಲ್ಯೂಮಿನ, ಸ್ಪಿನೆಲ್ ಎಂಬ ಮೂರು ಜಾತಿಯ ಹರಳುಗಳನ್ನು ನಯವಾಗಿ ಬೆರೆಸಿದರು. ಪಕ್ಕದವನು ಬೇರೆ ಜಾತಿಯವನಾದ್ದರಿಂದ ಯಾರೂ ಯಾರನ್ನೂ ಸುಲಭವಾಗಿ ನುಂಗುವಂತಿಲ್ಲ. ಎಲ್ಲರೂ ಚಿಕ್ಕವರಾಗಿಯೇ ಉಳಿದರು. 2001ರಲ್ಲಿ ಅವರು ಪ್ರಕಟಿಸಿದಂತೆ ಆ ಬೆರಕೆ 1,650 ಡಿಗ್ರಿಯಲ್ಲಿ ಶೇಕಡಾ 1,050ರಷ್ಟು ಹಿಗ್ಗಿತು. ಅದೂ ಗಂಟೆಗಟ್ಟಲೆ ಅಲ್ಲ, ಅರ್ಧ ನಿಮಿಷದೊಳಗೆ.

ಮೂರನೆಯದು ಎಚ್ಚರಿಕೆಯ ಮಾತು. ಬದುವಿನಲ್ಲಿ ಗಾಜು ಸೇರಿಕೊಂಡರೆ ಹರಳಿನ ಲೆಕ್ಕವೆಲ್ಲ ಹಿಂದಾಗುತ್ತದೆ. ನಮ್ಮ ಉಪ್ಪಿನಕಾಯಿ ಭರಣಿಯಲ್ಲಿ, ಚಹದ ಬಟ್ಟಲಿನಲ್ಲಿ ಹರಳುಗಳ ನಡುವೆ ಗಾಜು ಬೇಕಾದಷ್ಟಿದೆ. ಸುಡುವಾಗ ಈ ಗಾಜು ಮೆತ್ತಗಾಗಿ ತಟ್ಟೆಯ ಅಂಚು ಜೋತುಬೀಳುವುದುಂಟು. ಖುರ್ಜಾದಂಥ ಊರುಗಳಲ್ಲಿ ಭಟ್ಟಿಯ ಮುಂದೆ ನಿಲ್ಲುವವರಿಗೆ ಇದು ನಿತ್ಯದ ಅನುಭವ. ದೊಡ್ಡ ಆಸೆಯ ಸಿಲಿಕಾನ್ ನೈಟ್ರೈಡಿಗೂ ಇದೇ ಗತಿಯಾಯಿತು. 1970ರ ದಶಕದಿಂದ ಅದರಲ್ಲಿ ಎಂಜಿನ್ ಮಾಡಬೇಕೆಂದು ಹಲವು ದೇಶಗಳು ಹಣ ಸುರಿದುವು. ಆ ಪುಡಿ ಗಟ್ಟಿಯಾಗಿ ಕೂಡಿಕೊಳ್ಳಲೆಂದು ಮೆಗ್ನೀಷಿಯಂ ಆಕ್ಸೈಡ್ ಬೆರೆಸುತ್ತಿದ್ದರು. ಅದು ಬದುಗಳಲ್ಲಿ ಗಾಜಾಗಿ ಉಳಿದು, ಎಂಜಿನಿನ ಕಾವಿನಲ್ಲಿ ಮೆತ್ತಗಾಗಿ ಜಾರತೊಡಗಿತು. ಅಲ್ಯೂಮಿನದಲ್ಲಿ ದೀಪ ಬೆಳಗಿಸಿದ ಅದೇ ಬೆರಕೆ ಇಲ್ಲಿ ಕೈಕೊಟ್ಟಿತು. ಮುಂದೆ ಇಟ್ರಿಯದಂಥ ಬೇರೆ ಬೆರಕೆಗಳಿಗೆ ತಿರುಗಿದ ಮೇಲೆ ಸ್ಥಿತಿ ಸುಧಾರಿಸಿತು.

ಇದೆಲ್ಲ ಜಪಾನು, ಅಮೆರಿಕಗಳ ಮಾತೆಂದು ದೂರ ಇಡಬೇಕಾಗಿಲ್ಲ. ಬೆಂಗಳೂರಿನಲ್ಲಿ ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಜನ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕ ಅತುಲ್ ಚೋಕ್ಷಿ ಮತ್ತು ಅವರ ಶಿಷ್ಯರು ಜಿರ್ಕೋನಿಯದ ಹಿಗ್ಗುವಿಕೆಯನ್ನೂ ತೆವಳಿಕೆಯನ್ನೂ ಕುರಿತು ಬಹಳ ಕಾಲ ಕೆಲಸ ಮಾಡಿದ್ದಾರೆ. ಮಲ್ಲೇಶ್ವರದ ಬಸ್ಸಿನಲ್ಲಿ ಆ ಗೇಟಿನ ಮುಂದೆ ನೂರಾರು ಸಲ ಹೋದ ನಮ್ಮವರಲ್ಲಿ ಎಷ್ಟು ಮಂದಿಗೆ ಒಳಗಿನ ಈ ಕುಲುಮೆಯ ಸುದ್ದಿ ಗೊತ್ತಿತ್ತು?

ಬದು ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದರೆ, ಎಲ್ಲಿ, ಎಷ್ಟು ಬಿಸಿಯಲ್ಲಿ, ಎಷ್ಟು ಹೊತ್ತು ಎಂದು ತಿರುಗಿ ಕೇಳಬೇಕಾಗುತ್ತದೆ. ಕೆಲವು ಸಲ ಎರಡನ್ನೂ ಸಾಧಿಸುವ ದಾರಿಯೂ ಇದೆ: ಹರಳು ಚಿಕ್ಕದಾಗಿರುವಾಗಲೇ ಬೇಕಾದ ಆಕಾರಕ್ಕೆ ಬಾಗಿಸಿ, ಆಮೇಲೆ ಹೆಚ್ಚು ಕಾವು ಕೊಟ್ಟು ಹರಳು ಬೆಳೆಸಿ, ಬಾಗದಂತೆ ಮಾಡುವುದು. ಎಷ್ಟು ಕಾವು, ಎಷ್ಟು ಹೊತ್ತು, ಯಾವ ಬೆರಕೆ ಎಷ್ಟು ಚಿಟಿಕೆ ಎಂಬುದನ್ನು ತಿಳಿದವರು ಬೇಕು. ಮಣ್ಣನ್ನು ಎಷ್ಟು ನಯ ಮಾಡಬೇಕು, ಬೆಂಕಿಯನ್ನು ಯಾವಾಗ ತಗ್ಗಿಸಬೇಕೆಂದು ಕುಂಬಾರ ತಲೆಮಾರುಗಳಿಂದ ಕೇಳಿಕೊಂಡು ಬಂದ ಪ್ರಶ್ನೆಗಳೇ ಇವು. ಈಗ ಮೈಕ್ರಾನಿನ ಲೆಕ್ಕದಲ್ಲಿ ಬಂದಿವೆ. ಆದಕಾರಣ ಇದನ್ನು ಗಡಿಗೆ ಸುಡುವ ವಿದ್ಯೆ ಎಂದು ಕರೆದರೆ ನಮ್ಮ ಆಕ್ಷೇಪವಿಲ್ಲ. ಬೀಗರ ಮುಂದೆಯೂ ಹಾಗೆಯೇ ಹೇಳಬಹುದು, ತಲೆಯೆತ್ತಿ.